ಅಪ್‌ಡೇಟ್: ಮಕ್ಕಳಿಗೆ ಇಂಗ್ಲಿಷ್ ಪದಗಳು ಈಗ ನೆನಪಿರುತ್ತಿವೆ

ಕನ್ನಡ ಮಾಧ್ಯಮದ ನನ್ನ ಎಂಟನೇ ತರಗತಿಯ ಮಕ್ಕಳು ಸೋಮವಾರ ಕಲಿತ ಇಂಗ್ಲಿಷ್ ಪದಗಳನ್ನು ಶುಕ್ರವಾರದೊಳಗೆ ಮರೆಯುತ್ತಾರೆ, ಏನು ಮಾಡಲಿ ಎಂದು ಕೇಳಿದ್ದೆ. ಓದಿಸಿದ್ದನ್ನೇ ಓದಿಸಬೇಡಿ, ನೆನಪಿನಿಂದ ಬರೆಸಿ ಎಂದಿರಿ. ಹಾಗೆಯೇ ಮಾಡುತ್ತಿದ್ದೇನೆ. ಪಾಠಕ್ಕೆ ಮುನ್ನ ಪುಸ್ತಕ ಮುಚ್ಚಿ, ನಿನ್ನೆಯ ಎರಡು ಪದ, ಕಳೆದ ವಾರದ ಎರಡು, ಕಳೆದ ತಿಂಗಳಿನ ಒಂದು ಪದವನ್ನು ವಾಕ್ಯದಲ್ಲಿ ಬಳಸಬೇಕು. ಅಂಕವಿಲ್ಲ, ತಪ್ಪನ್ನು ಅಲ್ಲೇ ತಿದ್ದಿಕೊಳ್ಳುತ್ತಾರೆ. ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕಿ 2006ರಲ್ಲಿ ಗದ್ಯಭಾಗಗಳನ್ನಿಟ್ಟು ನಡೆಸಿದ ಪ್ರಯೋಗದಲ್ಲಿ ಐದು ನಿಮಿಷದ ನಂತರ ಮರು ಓದಿದವರು ಮುಂದಿದ್ದರು. ವಾರದ ಬಳಿಕ ನೆನಪಿಸಿಕೊಂಡು ಬರೆದವರೇ ಮುಂದಾದರು. ನನ್ನ ತರಗತಿಯಲ್ಲೂ ಅದೇ ಕಾಣುತ್ತಿದೆ, ಬಹಳ ಸಂತೋಷವಾಗಿದೆ. ಕೊನೆಯ ಬೆಂಚಿನ ಹುಡುಗಿ ಮೊನ್ನೆ ‘ಹಾರ್ವೆಸ್ಟ್’ ಪದಕ್ಕೆ ತನ್ನ ಮನೆಯ ರಾಗಿ ಕೊಯ್ಲಿನ ಬಗ್ಗೆಯೇ ವಾಕ್ಯ ಬರೆದಳು. ಮಾತನಾಡಿಸುವುದು ಮಾತ್ರ ಇನ್ನೂ ಕಷ್ಟ. ಅದಕ್ಕೂ ದಾರಿ ತಿಳಿದವರು ದಯವಿಟ್ಟು ಹೇಳಿ.