ಹೆಪಾರಿನ್ ಅಳತೆ: ಬಫರಿನಲ್ಲಿ ಸರಿ ಬರುವ ಪ್ಲಾಟಿನಂ ಕಾಂಪ್ಲೆಕ್ಸ್ ಪ್ಲಾಸ್ಮಾದಲ್ಲಿ ಕೈಕೊಡುತ್ತಿದೆ

ಹೊಳೆವಲೋಹ:
ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಔಷಧಿಯನ್ನು ಪ್ಲಾಸ್ಮಾದಲ್ಲಿ ಅಳೆಯಬೇಕು. ಬಳಸುತ್ತಿರುವುದು ಒಂದು ಧನಾವೇಶವಿರುವ ಪ್ಲಾಟಿನಂ ಟರ್ಪಿರಿಡಿನ್ ಆಲ್ಕೈನಿಲ್ ಕಾಂಪ್ಲೆಕ್ಸ್; ಋಣಾವೇಶದ ಹೆಪಾರಿನ್ನಿಗೆ ಅಂಟಿದಾಗ ಅದು ಹೊಳೆಯುತ್ತದೆ. ವೆಲ್‌ನಲ್ಲಿ (ಪ್ಲೇಟಿನ ಪುಟ್ಟ ಗುಳಿಯಲ್ಲಿ) 5 ಮೈಕ್ರೋಮೋಲಾರ್. 10 ಮಿಲಿಮೋಲಾರ್ ಹೆಪೆಸ್ ಬಫರ್, ಪಿಎಚ್ 7.4. ಬರೀ ಬಫರಿನಲ್ಲಿ ಹೆಪಾರಿನ್ ಪ್ರಮಾಣಕ್ಕೆ ಬೆಳಕು ಎಷ್ಟೆಂದು ತೋರಿಸುವ ಗೆರೆ ನೆಟ್ಟಗಿದೆ. ಹತ್ತು ಪಟ್ಟು ತೆಳುಮಾಡಿದ ಪ್ಲಾಸ್ಮಾ ಹಾಕಿದರೆ ಹೆಪಾರಿನ್ ಇಲ್ಲದ ಬ್ಲಾಂಕೇ ಹೊಳೆಯುತ್ತದೆ, ಗೆರೆಯ ಇಳಿಜಾರು ಕಾಲು ಭಾಗಕ್ಕೆ ಬೀಳುತ್ತದೆ. ಅದಕ್ಕಿಂತ ವಿಚಿತ್ರ: ಮಿಲಿಲೀಟರಿಗೆ 4 ಯೂನಿಟ್ ಬೆರೆಸಿದ ಪ್ಲಾಸ್ಮಾ 1 ಯೂನಿಟಿನದಕ್ಕಿಂತ ಕಡಿಮೆ ತೋರಿಸುತ್ತದೆ. 560ರಿಂದ 800 ನ್ಯಾನೋಮೀಟರ್‌ವರೆಗಿನ ಬೆಳಕನ್ನು ಒಟ್ಟಿಗೆ ಕೂಡಿಸುತ್ತಿದ್ದೇವೆ. ಎಲ್ಲಿ ಎಡವಟ್ಟು?

ಕ್ಯುವೆಟ್:
ಮೊದಲು ಲೆಕ್ಕ ಹಾಕಿ, ಅರ್ಧ ಉತ್ತರ ಅಲ್ಲೇ ಇದೆ. 1 ಯೂನಿಟ್ ಹೆಪಾರಿನ್ ಅಂದರೆ ಸುಮಾರು 5 ಮೈಕ್ರೋಗ್ರಾಂ. ತೆಳುಮಾಡಿದ ಮೇಲೆ ಮಿಲಿಲೀಟರಿಗೆ ಅರ್ಧ ಮೈಕ್ರೋಗ್ರಾಂ ಉಳಿಯಿತು. ಡೈಸ್ಯಾಕರೈಡ್ (ಹೆಪಾರಿನ್ ಸರಪಳಿಯ ಎರಡು ಸಕ್ಕರೆಯ ಕೊಂಡಿ) ಒಂದಕ್ಕೆ ಮೂರೂವರೆಯಿಂದ ನಾಲ್ಕು ಋಣಾವೇಶ ಹಿಡಿದರೆ ಹೆಚ್ಚುಕಡಿಮೆ 3 ಮೈಕ್ರೋಮೋಲಾರ್ ಆವೇಶ. ಅದೇ ವೆಲ್‌ನಲ್ಲಿ ಪ್ಲಾಸ್ಮಾದ ಪ್ರೋಟೀನ್ ಆದ ಆಲ್ಬುಮಿನ್ ಎಷ್ಟು ಗೊತ್ತೇ? ಸುಮಾರು 60 ಮೈಕ್ರೋಮೋಲಾರ್! ನಿಮ್ಮ ಕಾಂಪ್ಲೆಕ್ಸಿನ ಬಹುಪಾಲು ಅದರ ನೀರೊಲ್ಲದ ಪೊಟರೆಗಳಲ್ಲಿ ಹೋಗಿ ಕೂತಿದೆ. ಬ್ಲಾಂಕ್ ಹೊಳೆಯುವುದೂ ಇಳಿಜಾರು ಬೀಳುವುದೂ ಅದರಿಂದಲೇ.

ಆದರೆ ಆಲ್ಬುಮಿನ್‌ನಲ್ಲಿ ಕೂತದ್ದು ಒಂಟಿ ಅಣು, ಅದರ ಬೆಳಕು 600ರ ಆಸುಪಾಸು. ಹೆಪಾರಿನ್ ಸರಪಳಿಯ ಮೇಲೆ ಅಣುಗಳು ಒಂದರ ಮೇಲೊಂದು ಪೇರಿಕೊಂಡು ಪ್ಲಾಟಿನಂ–ಪ್ಲಾಟಿನಂ ಅಂತರ 3.5 ಆಂಗ್‌ಸ್ಟ್ರಾಮಿಗಿಂತ ಕಡಿಮೆಯಾದಾಗ ಬೆಳಕು 700 ದಾಟುತ್ತದೆ. ಎರಡನ್ನೂ ಕೂಡಿಸಿದರೆ ಸಂಕೇತ ಬ್ಲಾಂಕಿನಲ್ಲಿ ಮುಳುಗಿಹೋಗುತ್ತದೆ. 700ರ ಆಚೆಯದನ್ನು ಮಾತ್ರ ಓದಿ, ಅಥವಾ ಎರಡರ ಅನುಪಾತ ತೆಗೆಯಿರಿ. ಕೆಂಪಿಗೆ ಸ್ಪಂದಿಸುವ ಪಿಎಂಟಿ (ಯಂತ್ರದಲ್ಲಿ ಬೆಳಕು ಗ್ರಹಿಸುವ ನಳಿಕೆ) ಇಲ್ಲದಿದ್ದರೆ ಆ ಭಾಗದಲ್ಲಿ ಬರೀ ಗದ್ದಲ ಸಿಗುತ್ತದೆ, ಮೊದಲೇ ನೋಡಿಕೊಳ್ಳಿ. ಕ್ಯಾಲಿಬ್ರೇಶನ್ ಗೆರೆಯನ್ನೂ ಹೆಪಾರಿನ್ ಇಲ್ಲದ ಸಿಟ್ರೇಟ್ ಪ್ಲಾಸ್ಮಾದಲ್ಲೇ ಎಳೆಯಿರಿ. ತೆಳುಮಾಡಲು ಪಿಬಿಎಸ್ (ಉಪ್ಪು ಬೆರೆಸಿದ ಫಾಸ್ಫೇಟ್ ಬಫರ್) ಬೇಡ. ಅಷ್ಟು ಉಪ್ಪು ಆವೇಶವನ್ನು ಮರೆಮಾಡುತ್ತದೆ, ಸಾಲದ್ದಕ್ಕೆ ಕಾಂಪ್ಲೆಕ್ಸನ್ನು ತಾನೇ ಗುಡ್ಡೆಗಟ್ಟಿಸಲೂಬಹುದು.

ಪಿಪೆಟ್‌ಪುರಾಣ:
4 ಯೂನಿಟಿನ ಒಗಟು ಬೇರೆಯದು. ಅಲ್ಲಿ ವೆಲ್‌ನಲ್ಲಿ 12 ಮೈಕ್ರೋಮೋಲಾರ್ ಋಣಾವೇಶ, ಕಾಂಪ್ಲೆಕ್ಸ್ ಬರೀ 5. ಸರಪಳಿಗಳು ಹೆಚ್ಚಾದವು, ಅಣುಗಳು ಸಾಲದೆ ದೂರದೂರ ಕೂತವು, ಪೇರಿಕೆ ಒಡೆಯಿತು, ಕೆಂಪು ಬೆಳಕು ಇಳಿಯಿತು. ಹೃದಯ ಶಸ್ತ್ರಚಿಕಿತ್ಸೆಯ ಬೈಪಾಸ್ ವೇಳೆ 2ರಿಂದ 8 ಯೂನಿಟ್ ಮಾಮೂಲು, ಆದ್ದರಿಂದ ಇದನ್ನು ಬಿಡುವಂತಿಲ್ಲ. ಪ್ರತಿ ಸ್ಯಾಂಪಲನ್ನೂ 1:10 ಮತ್ತು 1:40, ಎರಡು ಸಲ ಓದಿ. ಪ್ಲಾಸ್ಮಾದ ಅಂಶ ಬದಲಾದರೆ ಗೆರೆಯೂ ಬದಲಾಗುತ್ತದೆ, ಹಾಗಾಗಿ 1:40ರಲ್ಲಿ ಉಳಿದ ಪಾಲನ್ನು ಹೆಪಾರಿನ್ ಇಲ್ಲದ ಪ್ಲಾಸ್ಮಾದಿಂದ ತುಂಬಿ. 1:40ರದ್ದು ಹೆಚ್ಚು ತೋರಿಸಿದರೆ ಅದನ್ನೇ ನಂಬಿ.

ಕಾಂಪ್ಲೆಕ್ಸ್ ಕೊನೆಯಲ್ಲಿ ಹಾಕಿ; ಅದನ್ನು ಕರಗಿಸುವ ಡಿಎಂಎಸ್‌ಒ ದ್ರಾವಕ ಕೊನೆಗೆ ಶೇ. 1 ಮೀರದಿರಲಿ. ಧನಾವೇಶದ್ದಲ್ಲವೇ, ಗಾಜಿಗೂ ಪಾಲಿಸ್ಟೈರೀನ್ ಪ್ಲೇಟಿಗೂ ಅಂಟಿಕೊಳ್ಳುತ್ತದೆ. ಅಂಟದ ಲೇಪವಿರುವ ಕಪ್ಪು ಪ್ಲೇಟ್ ಬಳಸಿ.

ಹೊಳೆವಲೋಹ:
ಇಬ್ಬರಿಗೂ ಧನ್ಯವಾದ. ಸ್ಯಾಂಪಲ್‌ಗಳು ನೀಲಿ ಮುಚ್ಚಳದ ಸಿಟ್ರೇಟ್ ಟ್ಯೂಬಿನವು, ಆದರೆ ಪ್ಲಾಸ್ಮಾ ಬೇರ್ಪಡಿಸುವುದು ಕೆಲವೊಮ್ಮೆ ಮೂರು ಗಂಟೆ ತಡ. ತೊಂದರೆಯೇ?

ಕ್ಯುವೆಟ್:
ತೊಂದರೆಯೇ. ಪ್ಲೇಟ್‌ಲೆಟ್‌ಗಳಿಂದ ಹೊರಬೀಳುವ ಪಿಎಫ್4 (ಪ್ಲೇಟ್‌ಲೆಟ್ ಫ್ಯಾಕ್ಟರ್ 4) ಪ್ರೋಟೀನ್ ಹೆಪಾರಿನ್ನಿಗೆ ಬಿಗಿಯಾಗಿ ಅಂಟುತ್ತದೆ, ಕಾಂಪ್ಲೆಕ್ಸಿಗೆ ಜಾಗವೇ ಉಳಿಯುವುದಿಲ್ಲ. ಒಂದು ಗಂಟೆಯೊಳಗೆ ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ: 1500 ಜಿ, 15 ನಿಮಿಷ. ಮೇಲಿನದನ್ನು ತೆಗೆದು ಮತ್ತೊಮ್ಮೆ ತಿರುಗಿಸಿ. ತಡ ತಪ್ಪದಿದ್ದರೆ ಪ್ಲೇಟ್‌ಲೆಟ್‌ಗಳನ್ನು ಸುಮ್ಮನಿರಿಸುವ ಸಿಟಿಎಡಿ ಟ್ಯೂಬ್. ಹಸಿರು ಮುಚ್ಚಳದ್ದು ಅಪ್ಪಿತಪ್ಪಿಯೂ ಬರಬಾರದು, ಅದರಲ್ಲಿ ಹೆಪಾರಿನ್ನೇ ಇರುತ್ತದೆ. ಹೆಪಾರಿನ್ನಿನ ಹೆಪ್ಪುತಡೆ ಶಕ್ತಿಯನ್ನು ಅಳೆಯುವ ಕೆಲವು ಆಂಟಿ-ಟೆನ್ಎ ಕಿಟ್‌ಗಳಲ್ಲಿ ಪಿಎಫ್4 ಬಿಡಿಸಲು ಡೆಕ್ಸ್‌ಟ್ರಾನ್ ಸಲ್ಫೇಟ್ ಇರುತ್ತದೆ. ಆ ಉಪಾಯ ಇಲ್ಲಿ ಬೇಡ, ಋಣಾವೇಶದ ಡೆಕ್ಸ್‌ಟ್ರಾನ್ ಸಲ್ಫೇಟಿಗೂ ಕಾಂಪ್ಲೆಕ್ಸ್ ಅಂಟಿ ಹೊಳೆದುಬಿಡುತ್ತದೆ.

ಪಿಪೆಟ್‌ಪುರಾಣ:
ಪ್ರತಿ ಸಲದ ಅಳತೆಯಲ್ಲೂ ಒಂದು ವೆಲ್ ಹೆಪಾರಿನೇಸ್ (ಹೆಪಾರಿನ್ ಕತ್ತರಿಸುವ ಕಿಣ್ವ) ಹಾಕಿದ್ದಿರಲಿ. ಕೆಂಪು ಬೆಳಕು ಬ್ಲಾಂಕಿನ ಮಟ್ಟಕ್ಕೆ ಇಳಿಯದಿದ್ದರೆ ಹೊಳೆಯುತ್ತಿರುವುದು ಹೆಪಾರಿನ್ ಅಲ್ಲ. ಹೆಪಾರಿನ್ನಿಗೆ ಅಂಟಿ ಅದನ್ನು ನಿಷ್ಕ್ರಿಯಗೊಳಿಸುವ ಪ್ರೋಟಮೀನ್ ಈ ಕೆಲಸಕ್ಕೆ ಸಾಲದು, ಅದು ಡಿಎನ್ಎಯಂಥ ಇತರ ಋಣಾವೇಶಗಳನ್ನೂ ಮುಚ್ಚುತ್ತದೆ. ಇನ್ನೊಂದು: ಈ ಅಂಕಿಯನ್ನು ಆಂಟಿ-ಟೆನ್ಎ ಫಲಿತಾಂಶದ ಪಕ್ಕ ಇಟ್ಟು ಸಮ ಬರಲಿಲ್ಲ ಅನ್ನಬೇಡಿ. ಆ ಪರೀಕ್ಷೆಗೆ ಬೇಕಾದ, ಆಂಟಿಥ್ರಾಂಬಿನ್ ಎಂಬ ಹೆಪ್ಪುತಡೆ ಪ್ರೋಟೀನನ್ನು ಹಿಡಿಯುವ ಪೆಂಟಾಸ್ಯಾಕರೈಡ್ (ಐದು ಸಕ್ಕರೆಗಳ ತುಣುಕು) ಇರುವುದು ಮೂರರಲ್ಲಿ ಒಂದು ಸರಪಳಿಯಲ್ಲಿ ಮಾತ್ರ. ಕಾಂಪ್ಲೆಕ್ಸ್ ಮೂರನ್ನೂ ಎಣಿಸುತ್ತದೆ. ಎನಾಕ್ಸಪಾರಿನ್ (ಚಿಕ್ಕ ಸರಪಳಿಗಳ ಹೆಪಾರಿನ್) ಆದರೆ ಗೆರೆಯನ್ನು ಅದರಿಂದಲೇ ಬೇರೆ ಎಳೆಯಿರಿ.