ತುರ್ತಾಗಿ ಪದ ಬೇಕು: ಎಸ್‌ಎಸ್‌ಡಿ, ‘ಕ್ಲೋನ್’, ಮತ್ತು ‘ಡಿಟೆಕ್ಟ್ ಆಗುತ್ತಿಲ್ಲ’

ತೀರ್ಥಹಳ್ಳಿಯಿಂದ

ಎಲ್ಲರಿಗೂ ನಮಸ್ಕಾರ. ನಮ್ಮ ಪ್ರೌಢಶಾಲೆಯ ಕಂಪ್ಯೂಟರ್ ಕೋಣೆಗೆ ಹಳೆಯ ವಿದ್ಯಾರ್ಥಿಗಳು ಒಂದಷ್ಟು ಲ್ಯಾಪ್‌ಟಾಪ್ ಕೊಟ್ಟಿದ್ದಾರೆ, 2012–13ರ ಕಾಲದವು. ತೆರೆದುಕೊಳ್ಳುವಷ್ಟರಲ್ಲಿ ಒಂದು ಪಾಠ ಮುಗಿಯುತ್ತದೆ. ಹಾಗಾಗಿ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ (ಸಾಲಿಡ್ ಸ್ಟೇಟ್ ಡ್ರೈವ್, ಚಿಪ್ಪಿನಲ್ಲಿ ಮಾಹಿತಿ ಕೂಡಿಡುವ ಸಾಧನ) ಹಾಕುತ್ತಿದ್ದೇವೆ. ಹಾಕುವವರು ಒಂಬತ್ತನೇ ತರಗತಿಯ ಮಕ್ಕಳೇ, ನಾನು ಪಕ್ಕದಲ್ಲಿ ನಿಂತಿರುತ್ತೇನೆ. ಗೋಡೆಗೆ ಅಂಟಿಸಲು ‘ಹೀಗಾದರೆ ಹೀಗೆ ಮಾಡಿ’ ಎಂಬ ಹಾಳೆಯೊಂದು ಬೇಕಾಗಿದೆ. ಮುದ್ರಣದವರು ನಾಳೆ ಸಂಜೆಯೊಳಗೆ ಕೊಡಿ ಎಂದಿದ್ದಾರೆ.

ಉಳಿದದ್ದೆಲ್ಲ ಬರೆದಾಯಿತು. ಸಿಕ್ಕಿಕೊಂಡಿರುವುದು ಇಲ್ಲಿ: ‘ಸಾಲಿಡ್ ಸ್ಟೇಟ್ ಡ್ರೈವ್’ ಶೀರ್ಷಿಕೆಯಲ್ಲಾದರೂ ಒಮ್ಮೆ ಕನ್ನಡದಲ್ಲಿ ಬರಲಿ ಎಂಬುದು ಮುಖ್ಯೋಪಾಧ್ಯಾಯರ ಅಪೇಕ್ಷೆ. ಆಮೇಲೆ ‘ಕ್ಲೋನ್ ಮಾಡು’, ಅಂದರೆ ಹಳೆಯ ಡಿಸ್ಕಿನಲ್ಲಿರುವುದನ್ನೆಲ್ಲ ಹಾಗೆಯೇ ಹೊಸದಕ್ಕೆ ನಕಲಿಸುವುದು. ನಿಜವಾದ ತಲೆಬಿಸಿ ಮಾತ್ರ ‘ನಾಟ್ ಡಿಟೆಕ್ಟೆಡ್’ ಎನ್ನುವುದರದು, ಅಂದರೆ ಹಾಕಿದ ಡ್ರೈವನ್ನು ಕಂಪ್ಯೂಟರ್ ಗುರುತಿಸದಿರುವುದು. ‘ಡ್ರೈವ್ ಕಾಣಿಸುತ್ತಿಲ್ಲ’ ಎಂದು ಬರೆದಿದ್ದೆ. ಒಬ್ಬ ಹುಡುಗ ಓದಿ, “ಇಲ್ಲೇ ಹಾಕಿದ್ದೀವಲ್ಲ ಟೀಚರ್, ಕಾಣ್ತಾ ಇದೆಯಲ್ಲ” ಅಂದ. ‘ಪತ್ತೆಯಾಗಿಲ್ಲ’ ಎಂದರೆ ಪೊಲೀಸ್ ಪ್ರಕಟಣೆಯ ಹಾಗಾಗುತ್ತದೆ. ದಯವಿಟ್ಟು ಬೇಗ ತಿಳಿಸಿ.

ಧಾರವಾಡದಿಂದ

ಘನಸ್ಥಿತಿ ಸಂಗ್ರಾಹಕ. ತದ್ರೂಪೀಕರಣ. ಅನಭಿಜ್ಞಾತ. ಮೂರೂ ಸಿದ್ಧ ಅವ, ಹೊಸದಾಗಿ ಟಂಕಿಸೋ ಅಗತ್ಯ ಇಲ್ಲ.

ಮೂರನೇದರ ಬಗ್ಗೆ ಒಂದು ಮಾತು. ಕಾಳಿದಾಸನ ನಾಟಕದಾಗ ದುಷ್ಯಂತ ಎದುರಿಗೆ ನಿಂತ ಶಕುಂತಲೆಯನ್ನ ಗುರುತಿಸಲಿಲ್ಲ. ಕಣ್ಣಿಗೆ ಕಂಡಾಳ, ಅಭಿಜ್ಞಾನ ಆಗಿಲ್ಲ. ನಿಮ್ಮ ಲ್ಯಾಪ್‌ಟಾಪಿನ ಸ್ಥಿತಿನೂ ಅದೇ. ಹುಡುಗ ಕೇಳಿದ್ದು ಸರಿಯಾಗೇ ಅದ. ಉತ್ತರ ಸಾವಿರಕ್ಕೂ ಹೆಚ್ಚು ವರ್ಷದ ಹಿಂದೇ ತಯಾರಾಗಿ ಕೂತದ.

ಬೆಂಗಳೂರಿನಿಂದ

‘ಅನಬಿಗ್ನಾತ’ ಎಂದು ಗೋಡೆಗೆ ಅಂಟಿಸಿದರೆ ಮಕ್ಕಳು ಎಸ್‌ಎಸ್‌ಡಿ ಬಿಟ್ಟು ಗೋಡೆಯನ್ನೇ ನೋಡುತ್ತ ನಿಲ್ಲುತ್ತಾರೆ. ಸಕ್ಕದದ ಹಂಗಿಲ್ಲದೆ ಬರೆಯಲು ಬರುವುದಿಲ್ಲವೇ ನಮಗೆ? ಸಾಲಿಡ್ ಸ್ಟೇಟ್ ಡ್ರೈವ್‌ಗೆ ‘ಗಟ್ಟಿನೆಲೆ ಕೂಡಿಡುಕ’. ಕ್ಲೋನ್‌ಗೆ ‘ಪಡಿಯಚ್ಚು’. ‘ಅಪ್ಪನ ಪಡಿಯಚ್ಚು’ ಎಂದು ಎಲ್ಲರ ಮನೆಯಲ್ಲೂ ಆಡುವ ಮಾತು, ತೊಟ್ಟು ಕೂಡ ಹೊರಗಿನದಲ್ಲ. ಡಿಟೆಕ್ಟ್‌ಗೆ ‘ಗುರುತು ಹಿಡಿ’. ಮುಗಿಯಿತು.

ಮಹಾಪ್ರಾಣವನ್ನೂ ಬಿಡಿ. ‘ಘನ’ದ ಘ ಯಾರ ಬಾಯಲ್ಲೂ ಬರುವುದಿಲ್ಲ.

ಮೈಸೂರಿನಿಂದ

ನಾನು ಭೌತಶಾಸ್ತ್ರ ಪಾಠ ಮಾಡಿದವನು. ಘ ನನ್ನ ಬಾಯಲ್ಲಿ ಬರುತ್ತದೆ, ನನ್ನ ಮಕ್ಕಳ ಬಾಯಲ್ಲೂ ಬರುತ್ತಿತ್ತು. ಬಾರದಿದ್ದರೆ ಮತ್ತೊಮ್ಮೆ ಹೇಳಿಸುತ್ತಿದ್ದೆ.

‘ಗಟ್ಟಿ’ ತಪ್ಪು. ಹಾರ್ಡ್ ಡಿಸ್ಕಿಗೆ ಆ ಹೆಸರು ಬಂದದ್ದು ಬಳುಕುವ ಫ್ಲಾಪಿಗೆ ಎದುರಾಗಿ, ಅದರ ತಟ್ಟೆ ಬಿರುಸಾಗಿದ್ದದ್ದರಿಂದ. ಎಸ್‌ಎಸ್‌ಡಿಯನ್ನು ‘ಗಟ್ಟಿ’ ಎಂದರೆ ತೆಗೆದದ್ದೂ ಗಟ್ಟಿ, ಹಾಕಿದ್ದೂ ಗಟ್ಟಿ. ಇಂಗ್ಲಿಷಿನ ಹಾರ್ಡ್ ಬೇರೆ, ಸಾಲಿಡ್ ಬೇರೆ. ಮೊದಲು ರೇಡಿಯೊಗಳಲ್ಲಿ ಗಾಳಿ ತೆಗೆದ ಗಾಜಿನ ಕೊಳವೆಗಳಿದ್ದವು, ಎಲೆಕ್ಟ್ರಾನು ಆ ನಿರ್ವಾತದಲ್ಲಿ ಹಾರುತ್ತಿತ್ತು. 1947ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಟ್ರಾನ್ಸಿಸ್ಟರ್ ಬಂದ ಮೇಲೆ ಅದೇ ಕೆಲಸ ಹರಳಿನ ಒಳಗೆ, ಘನವಸ್ತುವಿನಲ್ಲೇ ಆಗತೊಡಗಿತು. ‘ಘನಸ್ಥಿತಿ’ ಎನ್ನುವುದು ಅಲ್ಲಿಂದ ಬಂದ ಮಾತು. ಘನ, ದ್ರವ, ಅನಿಲ ಎಂದು ಏಳನೇ ತರಗತಿಯ ಮಗುವೂ ಹೇಳುತ್ತದೆ.

ಹಾಗೆ ನೋಡಿದರೆ ‘ಡ್ರೈವ್’ ಎಂಬುದೇ ಇಲ್ಲಿ ಸಲ್ಲ. ತಟ್ಟೆಯನ್ನು ತಿರುಗಿಸುವ ಮೋಟಾರಿನಿಂದ ಆ ಹೆಸರು. ಲ್ಯಾಪ್‌ಟಾಪಿನ ಡಿಸ್ಕು ನಿಮಿಷಕ್ಕೆ 5400 ಸುತ್ತು, ಅಂದರೆ ಸೆಕೆಂಡಿಗೆ 90. ಬೇಕಾದ ಜಾಗ ಓದುವ ಕಡ್ಡಿಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು, ಐದೂವರೆ ಮಿಲಿಸೆಕೆಂಡಿನಷ್ಟು ಸುಮ್ಮನೆ ಕಾಯಬೇಕು. ಸಾವಿರಾರು ಚಿಲ್ಲರೆ ಕಡತ ಓದುವಾಗ ನಿಮ್ಮ ಒಂದು ಪಾಠ ಕಳೆಯುವುದು ಹೀಗೆ. ಎಸ್‌ಎಸ್‌ಡಿಯಲ್ಲಿ ತಿರುಗುವುದು ಏನೂ ಇಲ್ಲ. ಚಿಪ್ಪಿನ ಕೋಶಗಳಲ್ಲಿ ವಿದ್ಯುದಾವೇಶ ಕೂತಿರುತ್ತದೆ, ಅಷ್ಟೆ. ಆದ್ದರಿಂದ ‘ಘನಸ್ಥಿತಿ ಸಂಗ್ರಹ’ ಸಾಕು. ಧಾರವಾಡದವರ ‘ಕ’ ಪ್ರತ್ಯಯ ಹೆಚ್ಚಿನದು.

ಬೆಂಗಳೂರಿನಿಂದ

‘ಗನ’ ಎಂದರೆ ನಮ್ಮ ಬೀದಿಯಲ್ಲಿ ಬೆಳಗ್ಗೆ ಬರುವ ಗನತ್ಯಾಜ್ಯದ ಗಾಡಿ. ಇಲ್ಲವೇ ಗನ ಸರ‍್ಕಾರ. ಇಲ್ಲವೇ ಗನಮೂಲ. ಯಾವುದನ್ನು ಲ್ಯಾಪ್‌ಟಾಪಿನೊಳಗೆ ತುರುಕುತ್ತೀರಿ?

ಧಾರವಾಡದಿಂದ

ಗಾಡಿ ಬಿಡ್ರಿ. ‘ಪಡಿಯಚ್ಚು’ ತೊಟ್ಟು ಕೂಡ ಹೊರಗಿನದಲ್ಲ ಅಂತೀರಲ್ಲ. ಪ್ರತಿಹಾರ ‘ಪಡಿಯರ’ ಆದ ಹಾದಿ ಯಾವುದು? ಪ್ರತಿಮೆ ‘ಪಡಿಮೆ’ ಆದ ಹಾದಿ ಯಾವುದು? ಆ ‘ಪ್ರತಿ’ನೇ ಪ್ರಾಕೃತದ ಬಾಗಿಲಿಂದ ‘ಪಡಿ’ ಆಗಿ ಒಳಗ ಬಂದು ಕೂತದ. ಕೇಶಿರಾಜ ಹದಿಮೂರನೇ ಶತಮಾನದಾಗ ತದ್ಭವಗಳನ್ನ ಹೇಳಿ ಮುಗಿಸ್ಯಾನ. ನೀವು ಸಂಸ್ಕೃತ ಬ್ಯಾಡ ಅಂತ ಬಾಗಿಲು ಹಾಕಿಕೊಂಡೀರಿ, ಒಳಗ ಕೂತವನೇ ಸಂಸ್ಕೃತದ ಮೊಮ್ಮಗ. ‘ಸಕ್ಕದ’ ಅನ್ನೋ ಶಬ್ದನೂ ತದ್ಭವನೇ, ಯಾವುದರದು ಅಂತ ನಾ ಹೇಳಬೇಕಾ?

ಬೆಂಗಳೂರಿನಿಂದ

ತಮಿಳಿನಲ್ಲೂ ‘ಪಡಿ’ ಎಂದರೆ ನಕಲು. ಕಯ್ಬರಹದ ಪ್ರತಿಗೆ ಅವರು ‘ಪಡಿ’ಯನ್ನೇ ಬಳಸುತ್ತಾರೆ. ‘ಹಾಗೆ’, ‘ಆ ಪ್ರಕಾರ’ ಎನ್ನಲೂ ಅವರದು ಪಡಿಯೇ. ಅದೂ ಪ್ರಾಕ್ರುತದ ಬಾಗಿಲಿಂದಲೇ ಬಂದಿತೋ?

ಧಾರವಾಡದಿಂದ

ಒಂದಲ್ಲ, ಎರಡು ‘ಪಡಿ’ ಇರಬಹುದು. ಅಳತೆಯ ಪಡಿ ಬೇರೆ, ಇದು ಬೇರೆ. ಉಚ್ಚಾರ ಒಂದೇ ಅಂತ ಎರಡನ್ನೂ ಒಂದು ಗೂಟಕ್ಕ ಕಟ್ಟಬ್ಯಾಡ್ರಿ.

ಉಡುಪಿಯಿಂದ

ಅಲ್ಲ ಮಾರಾಯ್ರೆ, ನೀವೆಲ್ಲ ಪಡಿ ಅಳೆಯುತ್ತಾ ಇದ್ದೀರಿ, ಟೀಚರ್ರ ಹಾಳೆ ನಾಳೆ ಸಂಜೆಗೆ ಹೋಗಬೇಕು. ನನ್ನದು ಲ್ಯಾಪ್‌ಟಾಪ್ ರಿಪೇರಿ. ಇಲ್ಲಿ ಬರೆಯುವುದು ಕಡಿಮೆ, ಓದುವುದು ಜಾಸ್ತಿ. ಇವತ್ತು ಬರೆಯದೆ ಉಪಾಯ ಇಲ್ಲ.

ಟೀಚರೇ, ಮೊದಲನೇದಾಗಿ, ಯಾರೋ ಕೊಟ್ಟ ಮಷೀನಿನ ಹಳೇ ಡಿಸ್ಕನ್ನು ಕ್ಲೋನ್ ಮಾಡುವುದು ಯಾಕೆ? ಅವರ ಮನೆಯ ಮದುವೆ ಫೋಟೋ, ಬ್ಯಾಂಕಿನ ಕಾಗದ, ಹಳೇ ವೈರಸ್ ಎಲ್ಲ ಹೊಸ ಡ್ರೈವಿಗೆ ಬಂದು ಕೂರ್ತದೆ. ಹಳೇ ಡಿಸ್ಕ್ ಅವರಿಗೇ ವಾಪಸ್ ಕೊಡಿ, ಹೊಸದಕ್ಕೆ ಹೊಸದಾಗಿ ಹಾಕಿ. ಆ ಕಾಲದ ಮಷೀನಿಗೆ ವಿಂಡೋಸ್ 11 ಕಂಪೆನಿಯ ನಿಯಮದ ಪ್ರಕಾರ ಹಿಡಿಯುವುದಿಲ್ಲ. 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿದೆ. ವಿಂಡೋಸಿನ ಬದಲು ಉಬುಂಟು ಅಂತ ಬೇರೆ ಓಎಸ್ (ಕಂಪ್ಯೂಟರ್ ನಡೆಸುವ ಮೂಲ ತಂತ್ರಾಂಶ) ಹಾಕಿದರೆ ಒಳ್ಳೇದು. ನಿಮ್ಮ ‘ಕ್ಲೋನ್’ ಪದದ ಸಮಸ್ಯೆ ಅಲ್ಲಿಗೇ ಹೋಯಿತು.

ಎರಡನೇದು, ‘ಡಿಟೆಕ್ಟ್ ಆಗುತ್ತಿಲ್ಲ’. ಇದು ಒಂದು ತೊಂದರೆ ಅಲ್ಲ, ಮೂರು ಉಂಟು. ಒಂದೇ ಪದ ಹುಡುಕಿದರೆ ಮಕ್ಕಳು ಸುಳ್ಳೇ ಮೂರೂ ಕಡೆ ಕೈ ಹಾಕ್ತಾರೆ.

ಬಯಾಸ್‌ನಲ್ಲೇ (ಮಷೀನ್ ಆನ್ ಮಾಡಿದ ಕೂಡಲೇ ಮೊದಲು ಓಡುವ, ಬೋರ್ಡಿನೊಳಗಿನ ಪ್ರೋಗ್ರಾಮ್) ಎಸ್‌ಎಸ್‌ಡಿಯ ಹೆಸರು ಬರುವುದಿಲ್ಲ, ಇದು ಒಂದು. ಇಲ್ಲಿ ವಿಂಡೋಸ್, ಉಬುಂಟು ಯಾವುದಕ್ಕೂ ಸಂಬಂಧವೇ ಇಲ್ಲ. ಡ್ರೈವ್ ಸರಿಯಾಗಿ ಕೂತಿಲ್ಲ. ಹಳೇ ಲ್ಯಾಪ್‌ಟಾಪಿನ ಹಾರ್ಡ್ ಡಿಸ್ಕ್ 9.5 ಮಿಲಿಮೀಟರ್ ದಪ್ಪ, ಈಗಿನ ಎಸ್‌ಎಸ್‌ಡಿ 7. ಆ ಎರಡೂವರೆ ಮಿಲಿಮೀಟರ್ ಸಂದಿನಲ್ಲಿ ಅದು ಅಲ್ಲಾಡಿ ಪಿನ್ನು ಬಿಡ್ತದೆ. ಡಬ್ಬಿಯಲ್ಲಿ ಒಂದು ಪ್ಲಾಸ್ಟಿಕ್ ಚೌಕಟ್ಟು ಬಂದರೆ ಬಿಸಾಡಬೇಡಿ, ಅದು ಈ ಸಂದು ತುಂಬಲಿಕ್ಕೆ. ಹಳೇ ಡಿಸ್ಕನ್ನು ಹಿಡಿದಿದ್ದ ಲೋಹದ ತಟ್ಟೆಯನ್ನು ಹೊಸದಕ್ಕೂ ಹಾಕಿ. ಅದನ್ನು ಬಿಟ್ಟು ಬರೇ ಡ್ರೈವ್ ತುರುಕಿದವರೇ ನನ್ನ ಅಂಗಡಿಗೆ ಜಾಸ್ತಿ ಬರುವುದು. ಕೆಲವು ಮಾಡೆಲಿನಲ್ಲಿ ಬೋರ್ಡಿಗೂ ಡ್ರೈವಿಗೂ ನಡುವೆ ಕಾಗದದ ಹಾಗೆ ಚಪ್ಪಟೆ ಕೇಬಲ್ ಇರ್ತದೆ. ಹಾರ್ಡ್ ಡಿಸ್ಕಿಗೆ ಹೇಗೋ ನಡೆಯುತ್ತಿದ್ದ ಕೇಬಲ್ ಎಸ್‌ಎಸ್‌ಡಿಯ ವೇಗಕ್ಕೆ ಕೈ ಕೊಡುವುದುಂಟು. ಡ್ರೈವ್ ಹಾಳು ಅಂತ ವಾಪಸ್ ಮಾಡುವ ಮೊದಲು ಇನ್ನೊಂದು ಲ್ಯಾಪ್‌ಟಾಪಿಗೆ ಹಾಕಿ ನೋಡಿ, ನಿಮ್ಮಲ್ಲಿ ಬೇಕಾದಷ್ಟು ಉಂಟಲ್ಲ.

ಬಯಾಸ್‌ನಲ್ಲಿ ಹೆಸರು ಉಂಟು, ವಿಂಡೋಸ್‌ನಲ್ಲಿ ಮಾತ್ರ ಇಲ್ಲ, ಇದು ಇನ್ನೊಂದು. ಯುಎಸ್‌ಬಿ ಕೇಬಲಿನಲ್ಲಿ ಬೇರೆ ಕಂಪ್ಯೂಟರಿಗೆ ಸಿಕ್ಕಿಸಿ ನೋಡುವವರಿಗೆ ಹೀಗಾಗುವುದು. ಹೊಸ ಡ್ರೈವ್ ಬರೇ ಖಾಲಿ ಇರ್ತದೆ. ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟ್‌ಗೆ ಹೋಗಿ ‘ಇನಿಶಿಯಲೈಸ್’ (ಬಳಕೆಗೆ ಸಿದ್ಧ ಮಾಡುವುದು) ಕೊಟ್ಟು ಪಾರ್ಟಿಶನ್, ಅಂದರೆ ಭಾಗ, ಮಾಡಿದರೆ ಬಂತು. ಹೆದರುವುದು ಎಂಥದ್ದೂ ಇಲ್ಲ.

ಕೊನೇದು, ಎಲ್ಲಾ ಕಡೆ ಹೆಸರು ಉಂಟು, ಓಎಸ್ ಹಾಕಿಯೂ ಆಯ್ತು, ಮಷೀನ್ ಏಳುವುದಿಲ್ಲ. ಬೂಟ್ ಆರ್ಡರ್, ಅಂದರೆ ಮಷೀನ್ ಯಾವ ಡ್ರೈವಿನಿಂದ ಮೊದಲು ಏಳಬೇಕು ಅನ್ನುವ ಪಟ್ಟಿ ನೋಡಬೇಕು. ಅದು ಸರಿ ಇದ್ದರೆ ಬಯಾಸ್ ‘ಲೆಗಸಿ’ಯಲ್ಲಿದೆಯಾ (ಏಳುವ ಹಳೇ ಕ್ರಮ) ‘ಯುಇಎಫ್‌ಐ’ಯಲ್ಲಿದೆಯಾ (ಹೊಸ ಕ್ರಮ) ನೋಡಬೇಕು. ಒಂದರಲ್ಲಿ ಓಎಸ್ ಹಾಕಿ ಇನ್ನೊಂದಕ್ಕೆ ತಿರುಗಿಸಿದರೆ ಏಳುವುದಿಲ್ಲ. ವಿಂಡೋಸ್ ಹಾಕುವಾಗ ‘ಜಿಪಿಟಿ ಡಿಸ್ಕಿಗೆ ಹಾಕಲಾಗದು’ ಅಂತ ತಕರಾರು ಮಾಡುವುದೂ ಇದೇ ಕಾರಣಕ್ಕೆ: ಲೆಗಸಿಗೆ ಎಂಬಿಆರ್ ಬೇಕು, ಯುಇಎಫ್‌ಐಗೆ ಜಿಪಿಟಿ; ಎರಡೂ ಡಿಸ್ಕಿನ ಭಾಗಗಳ ಪಟ್ಟಿ ಬರೆದಿಡುವ ಬಗೆ. ಮತ್ತೆ ಬಯಾಸಿನಲ್ಲಿ ಸಾಟಾ ಮೋಡ್ (ಬೋರ್ಡು ಡ್ರೈವಿನ ಜೊತೆ ಮಾತಾಡುವ ರೀತಿ) ‘ಐಡಿಇ’ಯಲ್ಲಿದ್ದರೆ ಓಎಸ್ ಹಾಕುವ ಮೊದಲೇ ‘ಎಎಚ್‌ಸಿಐ’ ಮಾಡಿ. ಹಾಕಿದ ಮೇಲೆ ಮುಟ್ಟಿದರೆ ವಿಂಡೋಸಿನ ನೀಲಿ ಪರದೆ ಬರ್ತದೆ.

ನಮ್ಮ ಅಂಗಡಿಯ ಹುಡುಗರು ಹೇಳುವುದು ‘ತೋರಿಸ್ತಿಲ್ಲ’, ‘ತಗೊಳ್ತಿಲ್ಲ’, ‘ಏಳ್ತಿಲ್ಲ’. ಮೂರು ಕಾಯಿಲೆ, ಮೂರು ಮಾತು. ಬೇಕಾದರೆ ತಗೊಳ್ಳಿ.

ತೀರ್ಥಹಳ್ಳಿಯಿಂದ

ಉಡುಪಿಯ ಅಣ್ಣನಿಗೆ ತುಂಬ ಉಪಕಾರವಾಯಿತು. ‘ಕ್ಲೋನ್’ ಸಾಲನ್ನೇ ತೆಗೆದು ಹಾಕಿದೆ. ಲೋಹದ ತಟ್ಟೆಯ ವಿಷಯ ಓದಿ ಎರಡು ಲ್ಯಾಪ್‌ಟಾಪ್ ಬಿಚ್ಚಿಸಿದೆ. ತಟ್ಟೆಗಳು ಹಳೆಯ ಡಿಸ್ಕಿನ ಜೊತೆಗೇ ಪೆಟ್ಟಿಗೆಯಲ್ಲಿದ್ದವು.

‘ಏಳುವುದಿಲ್ಲ’ ಬಹಳ ಹಿಡಿಸಿತು. ಇನ್ನೊಂದೇ ಪ್ರಶ್ನೆ, ‘ಇನಿಶಿಯಲೈಸ್’, ‘ಬೂಟ್ ಆರ್ಡರ್’ ಇವನ್ನು ಏನು ಮಾಡಲಿ?

ಉಡುಪಿಯಿಂದ

ಪರದೆ ಮೇಲೆ ಏನುಂಟೋ ಅದನ್ನೇ ಕನ್ನಡ ಅಕ್ಷರದಲ್ಲಿ ಬರೆಯಿರಿ. ಮಗು ಒತ್ತಬೇಕಾದ ಗುಂಡಿಯ ಹೆಸರು ಬದಲಿಸಿದರೆ ಮಗು ಯಾವುದನ್ನು ಒತ್ತುವುದು?

ಬೆಂಗಳೂರಿನಿಂದ

ಇದೇ ವಾದದಿಂದ ಮದ್ದಿನ ಚೀಟಿ ಹೆಚ್ಚಾಗಿ ಕನ್ನಡದಲ್ಲಿ ಬರಲಿಲ್ಲ. ಪರದೆ ಇಂಗ್ಲಿಶಿನಲ್ಲಿದೆ ಎಂದು ಹಾಳೆ ಇಂಗ್ಲಿಶಿನಲ್ಲಿ, ಹಾಳೆ ಇಂಗ್ಲಿಶಿನಲ್ಲಿದೆ ಎಂದು ಪರದೆ ಇಂಗ್ಲಿಶಿನಲ್ಲಿ. ಯಾರಾದರೂ ಒಬ್ಬರು ಮೊದಲು ಬಿಡಬೇಕಲ್ಲ? ಬೂಟ್ ಆರ‍್ಡರ್ ಎಂದರೆ ‘ಏಳುವ ಸರದಿ’ ಎಂದು ಬರೆದು ನೋಡಿ, ಯಾರಿಗೆ ತಿಳಿಯುವುದಿಲ್ಲ ಹೇಳಿ.

ಮೈಸೂರಿನಿಂದ

‘ಸರದಿ’ ಚೆನ್ನಾಗಿದೆ. ಆದರೆ ಎರವಲು ಎಂದರೆ ಮೈ ಉರಿದುಕೊಳ್ಳಬೇಡಿ. ಟೀಚರ್ ಆ ಹಾಳೆಗಳನ್ನು ಎತ್ತಿಡುವ ಅಲಮಾರು ಪೋರ್ಚುಗೀಸರದು, ಅದರ ಚಾವಿಯೂ ಅವರದೇ, ಕೂರುವ ಕುರ್ಚಿ ಅರಬ್ಬರ ಕಡೆಯದು. ಯಾವುದೂ ಕನ್ನಡವನ್ನು ಕೊಂದಿಲ್ಲ. ಕೊಲ್ಲುವುದು ವಿಭಕ್ತಿ ಸೇರಿಸಲು ಬಾರದ ಬರವಣಿಗೆ. ಬಸ್ಸು, ರೈಲು ಎಂದು ಕೊನೆಗೊಂದು ಉಕಾರ ಕೊಟ್ಟು ಒಳಗೆ ತಂದುಕೊಂಡೆವು. ಹಾಗೆಯೇ ಡಿಸ್ಕು, ಡ್ರೈವು. ‘ಡ್ರೈವಿನಲ್ಲಿ’, ‘ಡ್ರೈವಿಗೆ’ ಎಂದು ಬರೆಯಿರಿ. ‘ಡ್ರೈವ್‌ನಲ್ಲಿ’ ಎಂಬುದು ಕಾಲು ಕಟ್ಟಿದ ನಡಿಗೆ.

ಇದರಲ್ಲಿ ಕೆಲಸದ ಮಾತೂ ಇದೆ. ‘ಡ್ರೈವ್‌ನಲ್ಲಿ’ ಎಂದು ಒತ್ತಕ್ಷರವಾಗದಂತೆ ಬಿಡಿಸಿ ಬರೆಯಲು ಯೂನಿಕೋಡಿನಲ್ಲಿ ನಡುವೆ ಕಣ್ಣಿಗೆ ಕಾಣದ ಒಂದು ಗುರುತು ಹಾಕುತ್ತೇವೆ. ನಿಮ್ಮ ಮುದ್ರಣದವರು ಹಳೆಯ ‘ನುಡಿ’ ತಂತ್ರಾಂಶದ ಫಾಂಟಿಗೆ ಬದಲಿಸಿಕೊಂಡರೆ ಆ ಗುರುತು ಉದುರಿ ವ್‌ಗೆ ನ ಒತ್ತಾಗಬಹುದು. ‘ಎಸ್‌ಎಸ್‌ಡಿ’ಯಲ್ಲೂ ಸ್‌ಗೆ ಡ ಒತ್ತು ಬಿದ್ದೀತು. ಪ್ರೂಫ್ ತರಿಸಿಕೊಂಡೇ ಅಚ್ಚಿಗೆ ಒಪ್ಪಿಗೆ ಕೊಡಿ.

ತೀರ್ಥಹಳ್ಳಿಯಿಂದ

ಪ್ರೂಫ್ ಬಂತು. ಎಸ್‌ಎಸ್‌ಡಿಗೆ ಒತ್ತು ಬಿದ್ದಿತ್ತು, ಸರಿ ಮಾಡಿಸಿದೆ. ಕೊನೆಗೆ ಹೋದದ್ದು ಹೀಗೆ:

‘ಎಸ್‌ಎಸ್‌ಡಿ (ಘನಸ್ಥಿತಿ ಸಂಗ್ರಹ) ಹಾಕಿದ ಮೇಲೆ

ತಿರುಪುಳಿ (ಸ್ಕ್ರೂಡ್ರೈವರ್) ಹಿಡಿಯುವ ಮೊದಲು ಚಾರ್ಜರ್ ಕಳಚಿ, ಬ್ಯಾಟರಿ ತೆಗೆಯಿರಿ.

ಬಯಾಸ್‌ನಲ್ಲಿ ಹೆಸರೇ ಇಲ್ಲವೆ? ಡ್ರೈವು ಸರಿಯಾಗಿ ಕೂತಿಲ್ಲ. ತಟ್ಟೆ, ಚೌಕಟ್ಟು, ಕೇಬಲ್ ನೋಡಿ.

ಬಯಾಸ್‌ನಲ್ಲಿ ಹೆಸರಿದೆ, ವಿಂಡೋಸ್‌ನಲ್ಲಿ ಇಲ್ಲವೆ? ಡ್ರೈವು ಖಾಲಿ ಇದೆ. ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಇನಿಶಿಯಲೈಸ್ ಕೊಡಿ.

ಎರಡೂ ಕಡೆ ಹೆಸರಿದೆ, ಓಎಸ್ ಹಾಕಿದೆ, ಆದರೂ ಏಳುವುದಿಲ್ಲವೆ? ಏಳುವ ಸರದಿ, ಅಂದರೆ ಬೂಟ್ ಆರ್ಡರ್ ನೋಡಿ. ಆಮೇಲೆ ಲೆಗಸಿ, ಯುಇಎಫ್‌ಐ ಯಾವುದಿದೆ ನೋಡಿ. ತಿಳಿಯದಿದ್ದರೆ ಏನನ್ನೂ ಬದಲಿಸದೆ ಟೀಚರನ್ನು ಕರೆಯಿರಿ.’

‘ಸಂಗ್ರಹ’ದ ಜೊತೆ ಎಸ್‌ಎಸ್‌ಡಿಯನ್ನೂ ಇಟ್ಟಿದ್ದೇನೆ, ಏಕೆಂದರೆ ಅಂಗಡಿಗೆ ಹೋಗಿ ‘ಘನಸ್ಥಿತಿ ಸಂಗ್ರಹ ಕೊಡಿ’ ಎಂದರೆ ಯಾರೂ ಕೊಡಲಾರರು. ಎಲ್ಲರಿಗೂ ಧನ್ಯವಾದ.

ಧಾರವಾಡದಿಂದ

‘ಅನಭಿಜ್ಞಾತ’ ಬಿಟ್ಟೀರಿ. ಇರಲಿ. ‘ಬಯಾಸ್‌ನಲ್ಲಿ’ ಅಂತ ಎರಡು ಸಲ ಬಂದದ, ಮೈಸೂರಿನವರು ಸುಮ್ಮನಿದ್ದಾರ?

ಬೆಂಗಳೂರಿನಿಂದ

‘ತಿರುಪುಳಿ’ ಬಳಸಿದ್ದಕ್ಕೆ ನನ್ನಿ. ತಿರುಪುವ ಉಳಿ. ಧಾರವಾಡದ ಹಿರಿಯರು ಇದನ್ನಾದರೂ ಅಚ್ಚಗನ್ನಡ ಎಂದು ಒಪ್ಪುತ್ತಾರೋ, ಇದಕ್ಕೂ ಪ್ರಾಕ್ರುತದ ಬಾಗಿಲು ತೋರಿಸುತ್ತಾರೋ?

ಧಾರವಾಡದಿಂದ

ಒಪ್ಪೀನಿ. ‘ಪಡಿ’ ತದ್ಭವ.