ಆಫ್ರೊಡೈಟಿ ಗುಡಿಯ ಮೆಟ್ಟಿಲು ಹತ್ತೋದೇ ಇಲ್ಲ ನನ್ನ ಆಟಗಾರ

ಕಲ್ಲುಕಂಬ:
ನಾನು ಮಾಡ್ತಿರೋ ಗೇಮಿನ ಜಾಗ: ಗ್ರೀಸಿನ ಕೊರಿಂತ್ ಊರು, ಕ್ರಿ.ಪೂ. 431, ಅಕ್ರೊಕೊರಿಂತ್ ಬೆಟ್ಟದ ತುದಿಯಲ್ಲಿ ಪ್ರೇಮದೇವತೆ ಆಫ್ರೊಡೈಟಿಯ ಗುಡಿ. ಡೋರಿಕ್ (ಗ್ರೀಕರ ಸರಳ ಕಂಬದ ಶೈಲಿ), 6×13 ಕಂಬ, ಅಂದರೆ ಮುಂದೆ 6, ಪಕ್ಕಕ್ಕೆ 13. ಬ್ಲೆಂಡರ್‌ನಲ್ಲಿ (3ಡಿ ಮಾದರಿ ಮಾಡುವ ತಂತ್ರಾಂಶ) ಮಾಡಿ ಅನ್‌ರಿಯಲ್‌ಗೆ (ಗೇಮ್ ಎಂಜಿನ್) ತಂದಿದ್ದೇನೆ. ಮೆಟ್ಟಿಲಿನ ಎತ್ತರ ಅಥೆನ್ಸಿನ ಪಾರ್ಥೆನಾನ್ ಗುಡಿಯದು. ಆಟಗಾರ ಮೊದಲ ಮೆಟ್ಟಿಲಿಗೇ ನಿಂತುಬಿಡ್ತಾನೆ. ದೂರದಿಂದ ಕಂಬಗಳು ಮಿಣಮಿಣ ಅನ್ನುತ್ತವೆ. ಮೂಲೆಯ ಟ್ರೈಗ್ಲಿಫ್ (ತೊಲೆಯ ಮೇಲಿನ ಪಟ್ಟಿಯಲ್ಲಿ ಬರುವ, ಉದ್ದ ಗೀರುಗಳಿರುವ ಕಲ್ಲು) ಕಂಬದ ನೇರಕ್ಕೆ ಕೂರ್ತಿಲ್ಲ. ಏನು ತಪ್ಪಿದೆ?

ಅಳತೆಪಟ್ಟಿ:
ಪಾರ್ಥೆನಾನ್ ಮೆಟ್ಟಿಲು ಅರ್ಧ ಮೀಟರಿಗಿಂತ ತುಸು ಹೆಚ್ಚು. ಅನ್‌ರಿಯಲ್‌ನಲ್ಲಿ ಮ್ಯಾಕ್ಸ್ ಸ್ಟೆಪ್ ಹೈಟ್ (ಆಟಗಾರ ಜಿಗಿಯದೆ ಹತ್ತಬಲ್ಲ ಎತ್ತರ) ಡಿಫಾಲ್ಟ್ 45 ಸೆಂ.ಮೀ. ಅದಕ್ಕೇ ನಿಲ್ಲೋದು. ಅದನ್ನು 60ಕ್ಕೆ ಏರಿಸಬೇಡಿ, ಊರಿನ ಕಟ್ಟೆ, ಬೆಂಚು ಎಲ್ಲದರ ಮೇಲೂ ಸಲೀಸಾಗಿ ಹತ್ತಿಬಿಡ್ತಾನೆ. ಗ್ರೀಕರಿಗೂ ಆ ಮೂರು ಮೆಟ್ಟಿಲು ಕಾಲಿಡೋಕೆ ಎತ್ತರವೇ. ಬಾಗಿಲ ಮುಂದೆ ಇಳಿಜಾರು ಕಟ್ಟುತ್ತಿದ್ದರು, ಏಜಿನಾ ದ್ವೀಪದ ಅಫಾಯಾ ದೇವತೆಯ ಗುಡಿಯಲ್ಲಿ ಅದು ಇದೆ. ನೀವೂ ಪೂರ್ವಕ್ಕೆ ಒಂದು ಹಾಕಿ.

ಮೂಲೆಯದು ನಿಮ್ಮ ತಪ್ಪಲ್ಲ, ಡೋರಿಕ್‌ನ ಹಳೇ ತಲೆನೋವು. ಟ್ರೈಗ್ಲಿಫ್ ತುದಿಗೇ ಬರಬೇಕು, ಆದರೆ ಕೆಳಗಿನ ತೊಲೆ ಅದಕ್ಕಿಂತ ದಪ್ಪ. ತೊಲೆಯ ದಪ್ಪದಿಂದ ಟ್ರೈಗ್ಲಿಫ್ ಅಗಲ ಕಳೆದು ಎರಡರಿಂದ ಭಾಗಿಸಿ. ತೊಲೆ 1 ಮೀ., ಟ್ರೈಗ್ಲಿಫ್ 60 ಸೆಂ.ಮೀ. ಆದರೆ 20 ಸೆಂ.ಮೀ. ಕೊನೆಯ ಕಂಬದಂತರವನ್ನು ಅಷ್ಟು ಕಿರಿದು ಮಾಡಿ. ಬ್ಲೆಂಡರ್‌ನ ಅರೇ ಮಾಡಿಫೈಯರ್ (ಒಂದೇ ವಸ್ತುವನ್ನು ಸಾಲಾಗಿ ನಕಲು ಮಾಡುವ ಸಾಧನ) ಎಲ್ಲ ಅಂತರವನ್ನೂ ಸಮ ಇಡುತ್ತೆ, ಹಾಗಾಗಿ ಮೂಲೆಕಂಬಗಳನ್ನು ಅದರ ಹೊರಗಿಡಿ.

ಪಾಲಿಗಾನ್_ಪಾಪಣ್ಣ:
ಮಿಣಮಿಣ ಅನ್ನೋದು ಕಂಬದ ಮೈಮೇಲಿನ ಉದ್ದುದ್ದ ತೋಡುಗಳ ಅಂಚು. ಡೋರಿಕ್‌ಗೆ 20 ತೋಡು, ನಡುವೆ ಚೂಪು ಏಣು. (24 ತೋಡು, ಚಪ್ಪಟೆ ಪಟ್ಟಿ ಇದ್ದರೆ ಅದು ಅಯೋನಿಕ್ ಅನ್ನೋ ಬೇರೆ ಶೈಲಿ, ಬೆರೆಸಬೇಡಿ.) ದೂರದಲ್ಲಿ ಒಂದು ತೋಡು ಪಿಕ್ಸೆಲ್‌ಗಿಂತ ಸಣ್ಣದಾಗುತ್ತೆ. ಹತ್ತಿರದ ಎಲ್‌ಒಡಿಗೆ (ದೂರಕ್ಕೆ ತಕ್ಕಂತೆ ವಿವರ ಕಡಿಮೆ ಮಾಡಿದ ಮಾದರಿ) ಮಾತ್ರ ಆಕಾರದಲ್ಲೇ ಕೊರೆದ ನಿಜವಾದ ಮೆಶ್ ತೋಡು, ನಡುವಿನದಕ್ಕೆ ನಾರ್ಮಲ್ ಮ್ಯಾಪ್ (ಉಬ್ಬುತಗ್ಗಿನ ಭ್ರಮೆ ಕೊಡುವ ಚಿತ್ರ), ದೂರದ್ದಕ್ಕೆ ಬರೀ ಉರುಳೆ. ಕಂಬಕ್ಕೆ ಪೀಠ ಇಟ್ಟಿದ್ದರೆ ತೆಗೀರಿ, ಡೋರಿಕ್‌ಗೆ ಅದಿಲ್ಲ.

ಹಳೇನಾಣ್ಯ:
6×13 ಅನ್ನೋದೇ ನನಗೆ ಅನುಮಾನ. ಹಳೇ ಗ್ರೀಕ್ ಭೂಗೋಳಕಾರ ಸ್ಟ್ರಾಬೋ ಅದನ್ನು ಚಿಕ್ಕ ಗುಡಿ ಅಂತಲೇ ಹೇಳೋದು. ಅಸ್ಯಾಸಿನ್ಸ್ ಕ್ರೀಡ್ ಒಡಿಸ್ಸಿ ಗೇಮ್ ನೋಡಿ ಅಳತೆ ಹಿಡಿದಿದ್ದರೆ ಅರ್ಧಕ್ಕಿಂತ ಕೆಳಗಿಳಿಸಿ. ವಿಗ್ರಹಕ್ಕೆ ಗ್ರೀಕ್ ಪ್ರವಾಸಿ ಬರಹಗಾರ ಪೌಸೇನಿಯಸ್ ಆಧಾರ: ಆಯುಧ ಹಿಡಿದ ಆಫ್ರೊಡೈಟಿ, ಜೊತೆಗೆ ಸೂರ್ಯ, ಬಿಲ್ಲು ಹಿಡಿದ ಪ್ರೇಮದೇವ ಈರೋಸ್. ಆದರೆ ಪೌಸೇನಿಯಸ್ ಬರೆದದ್ದು ಕ್ರಿ.ಶ. 2ನೇ ಶತಮಾನದಲ್ಲಿ. ನಡುವೆ ಕ್ರಿ.ಪೂ. 146ರಲ್ಲಿ ರೋಮನ್ನರು ಊರನ್ನೇ ನೆಲಸಮ ಮಾಡಿದ್ದರು, ಹಾಗಾಗಿ ನಿಮ್ಮ ಕಾಲದ ವಿಗ್ರಹವೂ ಅದೇ ಅಂತ ಹೇಳೋಕಾಗಲ್ಲ. ಇನ್ನು, ದಯವಿಟ್ಟು ಗುಡಿಗೆ ಬರೀ ಬಿಳಿ ಬೇಡ. ಟ್ರೈಗ್ಲಿಫ್‌ಗೆ ಗಾಢ ನೀಲಿ, ಪಟ್ಟಿಗಳಿಗೆ ಕೆಂಪು.

ಕಲ್ಲುಕಂಬ:
ಇಳಿಜಾರು ಹಾಕಿದೆ, ಹತ್ತುತ್ತಿದ್ದಾನೆ. ಮೂಲೆಯೂ ಕೂತಿತು. ಆದರೆ ಒಳಗೆ ವಿಗ್ರಹ ಪೂರ್ತಿ ಕತ್ತಲು.

ಹಳೇನಾಣ್ಯ:
ಕಿಟಕಿ ಇಲ್ಲವಲ್ಲ, ಬಾಗಿಲಿನ ಬೆಳಕಷ್ಟೇ. ಬಾಗಿಲು ತೆರೆದಿಡಿ, ಸೂರ್ಯನನ್ನು ಪೂರ್ವದಲ್ಲಿ ಕೆಳಗಿಳಿಸಿ. ಸಾಲದಿದ್ದರೆ ಪಾದದ ಹತ್ತಿರ ಎರಡು ಎಣ್ಣೆದೀಪ.